ಹಲಗೆಯ ಮೇಲಿನ ಬಾವುಟ

ಬೇಕರಿಯಮ್ಮನಿಗೆ ಸಿಟ್ಟು ಬಂದರೆ ಮೊದಲು ಅನುಭವಿಸುವುದು ಮೊಟ್ಟೆಗಳು. ಅವತ್ತು ಪಾತ್ರೆಯ ಅಂಚಿಗೆ ಅವಳು ಕುಟ್ಟಿದ ರಭಸಕ್ಕೆ ಚಿಪ್ಪೆಲ್ಲ ಪುಡಿಪುಡಿಯಾಗಿ ಲೋಳೆಯೊಳಗೆ ಬಿತ್ತು. ಅದನ್ನು ಚಮಚದ ತುದಿಯಿಂದ ಹೆಕ್ಕುತ್ತ ಅವಳು ಶಾಲೆಯ ಹೆಡ್ ಮೇಡಂಗೆ, ಪೋಷಕರ ಕಮಿಟಿಗೆ, ಕಮಿಟಿಯ ಕಾರ್ಯದರ್ಶಿಗೆ, ಕೊನೆಗೆ ಆ ಮೊಟ್ಟೆಯನ್ನಿಟ್ಟ ಕೋಳಿಗೂ ಶಾಪ ಹಾಕಿದಳು.

"ನಾನು ಒಡೀಲಾ?" ಎಂದ ಗಂಡ, ಮೈದಾ ಜರಡಿ ಹಿಡಿಯುತ್ತ.

"ಬೇಡ. ನನಗೆ ಏನಾದರೂ ಒಡೀಲೇಬೇಕು. ಮೊಟ್ಟೆ ಆದರೆ ವಾಪಸ್ ಮಾತಾಡಲ್ಲ."

ಆಗಿದ್ದು ಇಷ್ಟು. ನಡುಬೇಸಿಗೆಯ ರಾಷ್ಟ್ರದಿನಕ್ಕೆ ಶಾಲೆಯ ಮೈದಾನದಲ್ಲಿ ಮಕ್ಕಳ ಮೆರವಣಿಗೆ. ಮೆರವಣಿಗೆಯ ಮುಂದೆ ಬಾವುಟ ಹಿಡಿಯಲು ಡ್ರಿಲ್ ಮಾಸ್ತರು ಬೇಕರಿಯಮ್ಮನ ಮಗಳನ್ನು ಆರಿಸಿದ್ದರು. ಅವಳನ್ನು ಎಲ್ಲರೂ ಪುಟ್ಟಿ ಎನ್ನುತ್ತಾರೆ. ಹೆಸರಿಗಷ್ಟೇ ಪುಟ್ಟಿ, ತರಗತಿಯಲ್ಲಿ ಎಲ್ಲರಿಗಿಂತ ಒಂದು ತಲೆ ಎತ್ತರ. ಆರಿಸಿದ ದಿನದಿಂದ ಅವಳ ಅಭ್ಯಾಸವೆಲ್ಲ ಬೇಕರಿಯ ಒಳಗೇ ನಡೆಯಿತು. ಉದ್ದನೆಯ ಪೊರಕೆಯ ಕೋಲನ್ನು ನೆಟ್ಟಗೆ ಹಿಡಿದು, ಒಂದು ಹೆಜ್ಜೆ ಇಟ್ಟು, ನಿಂತು, ಮತ್ತೊಂದು ಹೆಜ್ಜೆ. ಓವನ್ನಿಗೂ ಹಿಟ್ಟು ನಾದುವ ಮೇಜಿಗೂ ನಡುವೆ ಇರುವುದೇ ಒಬ್ಬರು ಓಡಾಡುವಷ್ಟು ಜಾಗ. ಬಿಸಿ ಟ್ರೇ ಹಿಡಿದ ತಾಯಿ ಅವಳ ಬೆನ್ನ ಹಿಂದೆ ಸಿಕ್ಕಿಕೊಂಡು, "ದಾರಿ ಬಿಡೇ ಮಹರಾಯ್ತಿ, ಕೈ ಸುಡ್ತಾ ಇದೆ!" ಎಂದು ಕೂಗಿಕೊಂಡರೂ ಹುಡುಗಿ ಹೆಜ್ಜೆ ಚುರುಕು ಮಾಡುತ್ತಿರಲಿಲ್ಲ. ಬೈದು ಬೈದು ಸಾಕಾದ ತಾಯಿಯೇ ರಾತ್ರಿ ಊಟವಾದ ಮೇಲೆ ಕೂತು ಅವಳಿಗೆ ಬಿಳಿಯ ಕೈಗವಸು ಹೊಲಿದುಕೊಟ್ಟಳು.

ಅದೇ ಶಾಲೆಯವರು ಅದೇ ದಿನಕ್ಕೆ ಕಪ್ ಕೇಕುಗಳಿಗೂ ಹೇಳಿದ್ದರು. ಬಿಡಿ ಬಿಡಿ ಕೇಕಲ್ಲ. ದೊಡ್ಡ ಹಲಗೆಯೊಂದರ ಮೇಲೆ ಸಾಲುಸಾಲಾಗಿ ಜೋಡಿಸಿದ ಕೇಕುಗಳು, ಒಂದಷ್ಟು ಸಾಲಿಗೆ ಕೆಂಪು ಕ್ರೀಮು, ಒಂದಷ್ಟಕ್ಕೆ ಬಿಳಿ, ಒಂದಷ್ಟಕ್ಕೆ ನೀಲಿ. ದೂರದಿಂದ ನೋಡಿದರೆ ಹಲಗೆ ತುಂಬ ಬಾವುಟ ಹಾಸಿದಂತಿರಬೇಕು.

ಎಲ್ಲ ಸರಿಯಾಗಿಯೇ ಇತ್ತು. ಹಬ್ಬದ ಹಿಂದಿನ ದಿನ ಬೆಳಗ್ಗೆ ಹೆಡ್ ಮೇಡಂ ಅಂಗಡಿಗೆ ಬಂದು, ಕೌಂಟರಿನ ಗಾಜಿನ ಮೇಲೆ ಬೆರಳಾಡಿಸುತ್ತ ಮಾತು ತೆಗೆದಳು.

"ತಪ್ಪು ತಿಳ್ಕೋಬೇಡಿ. ಪುಟ್ಟಿ ಬಂಗಾರದಂಥ ಹುಡುಗಿ. ಆದರೆ ಕಮಿಟಿಯವರು ಏನಂತಾರೆ ಅಂದರೆ, ಬಾವುಟ ಹಿಡಿಯೋದು ಇಲ್ಲಿಯವರೇ ಆದರೆ ನೋಡೋಕೆ ಚೆನ್ನಾಗಿರುತ್ತೆ ಅಂತ."

"ನನ್ನ ಮುತ್ತಜ್ಜ ಹಿಟ್ಟು ನಾದಿದ್ದು ಇದೇ ಬೀದಿಯಲ್ಲಿ. ಇನ್ನೆಷ್ಟು ಇಲ್ಲಿಯವರಾಗಬೇಕು ನಾವು?"

"ನಿಮ್ಮ ಮಾತಲ್ಲ..." ಎಂದು ಮೇಡಂ ಕಣ್ಣನ್ನು ಒಮ್ಮೆ ಆಚೆ ಹೊರಳಿಸಿದಳು. ಆಚೆ ಬೇಕರಿಯಮ್ಮನ ಗಂಡ ಆ ಮೇಡಂಗೇ ಕೊಡಲೆಂದು ಇದ್ದುದರಲ್ಲಿ ಮೆತ್ತಗಿರುವ ಬನ್ನನ್ನು ಆರಿಸಿ ಕಾಗದದಲ್ಲಿ ಸುತ್ತುತ್ತಿದ್ದ.

ಅವನು ಹೊಳೆಯಾಚೆಯವನು. ಹೊಳೆಯ ಈಚೆ ಒಂದು ದೇಶ, ಆಚೆ ಇನ್ನೊಂದು. ಮೀಸೆ ಮೂಡುವ ವಯಸ್ಸಿನಲ್ಲಿ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದವನು, ಇಲ್ಲೇ ಕೆಲಸ ಕಲಿತ, ಇಲ್ಲೇ ಮದುವೆಯಾದ, ಇಲ್ಲೇ ಅವನ ಕೂದಲು ನರೆಯಿತು. ಬೀದಿಯ ಬಾಯಲ್ಲಿ ಮಾತ್ರ ಅವನು ಇವತ್ತಿಗೂ 'ಹೊಳೆಯಾಚೆಯವನು'. ಎರಡೂ ದೇಶದ ಬಾವುಟಕ್ಕೆ ಅವೇ ಮೂರು ಪಟ್ಟೆ, ಅವೇ ಮೂರು ಬಣ್ಣ. ಇಲ್ಲಿ ಕೆಂಪು ಮೇಲೆ, ನೀಲಿ ಕೆಳಗೆ. ಅಲ್ಲಿ ನೀಲಿ ಮೇಲೆ, ಕೆಂಪು ಕೆಳಗೆ. ಅಷ್ಟಕ್ಕೇ ಹಿಂದೆ ಎಷ್ಟೋ ತಲೆಗಳು ಉರುಳಿವೆಯಂತೆ.

"ಇನ್ನೂ ಏನೂ ಮುಗಿದಿಲ್ಲ," ಎಂದಳು ಮೇಡಂ ಬನ್ನು ತೆಗೆದುಕೊಳ್ಳುತ್ತ. "ನಾಳೆ ಬೆಳಗ್ಗೆ ಕಮಿಟಿಯವರ ಹತ್ತಿರ ಇನ್ನೊಂದು ಸಲ ಮಾತಾಡ್ತೀನಿ. ಅಲ್ಲಿವರೆಗೆ ಗಲಾಟೆ ಏನೂ ಬೇಡ, ಆಯ್ತಾ? ಕೇಕಂತೂ ಬರುತ್ತೆ ತಾನೆ?"

ನಾಚಿಕೆ ಎಂಬುದು ಅಂಗಡಿಯಲ್ಲಿ ಮಾರುವ ಸಾಮಾನಾಗಿದ್ದರೆ ಬೇಕರಿಯಮ್ಮ ಅವಳಿಗೆ ಅದನ್ನೂ ಒಂದು ಪೊಟ್ಟಣ ಕಟ್ಟಿಕೊಡುತ್ತಿದ್ದಳು.

ಪುಟ್ಟಿಗೆ ಸುದ್ದಿ ಹೇಳಿದಾಗ ಅವಳು ಅಳಲಿಲ್ಲ. ಅತ್ತಿದ್ದರೆ ತಾಯಿಗೆ ಸುಲಭವಾಗುತ್ತಿತ್ತು. "ನಾಳೆ ಬೆಳಗ್ಗೆ ಮತ್ತೆ ಕೇಳ್ತಾರಲ್ವಾ?" ಎಂದಷ್ಟೇ ಕೇಳಿ, ಕೊಳೆಯೇ ಆಗದ ಕೈಗವಸನ್ನು ಒಗೆದು, ಓವನ್ನಿನ ಬಾಗಿಲ ಹಿಡಿಗೆ ಒಣಹಾಕಿದಳು. ಮಧ್ಯಾಹ್ನವೆಲ್ಲ ಬೇಕರಿಯಮ್ಮ ಓವನ್ನು ತೆಗೆದಾಗಲೊಮ್ಮೆ ಆ ಎರಡು ಪುಟ್ಟ ಬಿಳಿ ಕೈಗಳು ಅವಳ ಮುಖದ ಮುಂದೆ ಅಲ್ಲಾಡಿದವು.

"ಮಾಡೋದೇ ಬೇಡ ಈ ಕೇಕು," ಎಂದಳು ಗಂಡನಿಗೆ. "ಬಾವುಟ ಮುಟ್ಟೋ ಯೋಗ್ಯತೆ ಇಲ್ಲದವರು ಮಾಡಿದ ಬಾವುಟ ತಿನ್ನೋಕೆ ಆಗುತ್ತಾ ಇವರಿಗೆ?"

"ಚೆನ್ನಾಗಿ ಮಾಡೋಣ," ಎಂದ ಅವನು. "ನೋಡಿದವರು ಬಾಯಿ ಮುಚ್ಚಬೇಕು, ಹಾಗೆ ಮಾಡೋಣ. ಪುಟ್ಟಿಗೋಸ್ಕರ."

"ಬಂದ ದಿನದಿಂದ ಎಲ್ಲ ಚೆನ್ನಾಗೇ ಮಾಡ್ತಾ ಇದ್ದೀರಲ್ಲ. ಯಾರ ಬಾಯಿ ಮುಚ್ಚಿದೆ ಹೇಳಿ ನೋಡೋಣ!"

ಅವನು ಮತ್ತೆ ಜರಡಿ ಎತ್ತಿಕೊಂಡ. ಅವನ ಈ ಸ್ವಭಾವವೇ ಅವಳ ಪಿತ್ತ ನೆತ್ತಿಗೇರಿಸುತ್ತಿದ್ದುದು. ಸಂತೆಯಲ್ಲಿ ಯಾರಾದರೂ ತನ್ನ ಕಾಲು ತುಳಿದರೆ ತಾನೇ "ತಪ್ಪಾಯ್ತು" ಎನ್ನುವ ಆಸಾಮಿ. ಆ ಮಾತು ಅವನ ಜೇಬಿನಲ್ಲಿ ಚಿಲ್ಲರೆಯಂತೆ ಸದಾ ಸಿದ್ಧ. ಒಳ್ಳೆಯ ಗಂಡ, ಒಳ್ಳೆಯ ಅಪ್ಪ, ಆದರೆ ಇಷ್ಟೊಂದು ಒಳ್ಳೆಯತನವನ್ನು ಇಟ್ಟುಕೊಂಡು ಮನುಷ್ಯ ಏನು ಮಾಡಬೇಕು?

ಕೊನೆಗೂ ಮಾಡಿದರು. ಬೆಣ್ಣೆಯ ಕ್ರೀಮು ಬೇಸಿಗೆಯಲ್ಲಿ ಮಾತು ಕೇಳುವುದಿಲ್ಲ, ಅದಕ್ಕೇ ಪಾತ್ರೆಯನ್ನು ಐಸಿನ ಮೇಲಿಟ್ಟು ಕಡೆದರು. ಬೆಣ್ಣೆಯ ಹಳದಿಗೆ ನೀಲಿ ಬಿದ್ದರೆ ಪಾಚಿಯ ಬಣ್ಣ ಬರುತ್ತದೆ, ಗಂಡ ಕಡ್ಡಿಯ ತುದಿಯಲ್ಲಿ ಒಂಚೂರು ನೇರಳೆ ಮುಟ್ಟಿಸಿ ಆ ಹಳದಿಯನ್ನು ಮೊದಲು ಅಡಗಿಸಿದ. ಕೆಂಪಿನದು ಬೇರೆಯೇ ತಂಟೆ. ಕಡೆದಾಗ ಗುಲಾಬಿಯಾಗಿ ಕಂಡರೂ ಬೆಳಗಾಗುವಷ್ಟರಲ್ಲಿ ತಾನಾಗಿಯೇ ಗಾಢವಾಗುತ್ತದೆ. ಅವಸರಪಟ್ಟು ಇನ್ನಷ್ಟು ಬಣ್ಣ ಸುರಿದರೆ ಬಾಯಿಗಿಡಲಾಗದಷ್ಟು ಕಹಿ. ಸಂಜೆ ಹಣಕಿದ ಕಾರ್ಯದರ್ಶಿಗೆ ಇದೆಲ್ಲ ಎಲ್ಲಿ ಗೊತ್ತು?

"ಇದೇನು ಗುಲಾಬಿ? ನಮ್ಮ ಬಾವುಟದ್ದು ರಕ್ತದ ಕೆಂಪು," ಎಂದ ಅವನು, ಸ್ವಂತ ರಕ್ತವನ್ನೇ ಬಸಿದುಕೊಟ್ಟವನಂತೆ. ಅವನು ಈವರೆಗೆ ಸುರಿಸಿದ್ದು ಬೆವರು ಮಾತ್ರ, ಅದೂ ಭಾಷಣ ಮಾಡುವಾಗ.

"ಬೆಳಗ್ಗೆ ನೋಡಿ," ಎಂದಳು ಬೇಕರಿಯಮ್ಮ ಹಲ್ಲು ಕಚ್ಚಿಕೊಂಡು. ಮಗಳ ಕೈಗೆ ಬಾವುಟ ಬರುವುದು ಇವನ ನಾಲಿಗೆಯ ಮೇಲಿತ್ತು. ಅದಕ್ಕೇ ಅಷ್ಟರಲ್ಲೇ ಸುಮ್ಮನಾದಳು.

ಬೆಳಗ್ಗೆ ಕೆಂಪು ಕೆಂಪಾಗಿಯೇ ಇತ್ತು. ಕಾಗದದ ಕೋನಿಗೆ ಕ್ರೀಮು ತುಂಬಿ ಒಂದೊಂದು ಕೇಕಿನ ಮೇಲೂ ಸುರುಳಿ ಸುತ್ತಿ ಹಲಗೆಗೆ ಜೋಡಿಸಿದರು. ಸಿಟ್ಟಿನಲ್ಲಿ ಸುತ್ತಿದ್ದಾದರೂ ಒಂದು ಸುರುಳಿಯೂ ಓರೆಯಾಗಿರಲಿಲ್ಲ. ಅಷ್ಟು ಚೆಂದ ಮಾಡಿದ್ದಕ್ಕೆ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

ಮೈದಾನದಲ್ಲಿ ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಬ್ಯಾಂಡಿನ ಹುಡುಗರು ತುತ್ತೂರಿ ಒರೆಸಿಕೊಳ್ಳುತ್ತಿದ್ದರು. ಸಾಲಿನಲ್ಲಿ ಪುಟ್ಟಿ ಕೈಗವಸು ಹಾಕಿಕೊಂಡೇ ನಿಂತಿದ್ದಳು. ಬಾವುಟದ ಕೋಲು ಮಾತ್ರ ಹೆಡ್ ಮೇಡಂ ಕೈಯಲ್ಲೇ ಇತ್ತು, ಯಾರಿಗೂ ಕೊಟ್ಟಿರಲಿಲ್ಲ. ಇನ್ನೂ ಆಸೆ ಇದೆ ಎಂದುಕೊಂಡಳು ಬೇಕರಿಯಮ್ಮ. ಗಂಡ ವ್ಯಾನು ನಿಲ್ಲಿಸಲು ಜಾಗ ಹುಡುಕುತ್ತಿದ್ದುದರಿಂದ ಹಲಗೆಯ ಇನ್ನೊಂದು ತುದಿಗೆ ಕೈ ಕೊಟ್ಟವನು ಕಾರ್ಯದರ್ಶಿಯೇ. "ನಿಧಾನ, ನಿಧಾನ" ಎಂದು ಅವಳಿಗೇ ಬುದ್ಧಿ ಹೇಳುತ್ತ ಅವನು ಹಲಗೆಯನ್ನು ಟೆಂಟಿನ ಕೆಳಗಿನ ಉದ್ದ ಮೇಜಿನ ಮೇಲೆ ಇಳಿಸಿದ. ಅವಳು ಮೇಜಿನ ಆಚೆ ಬದಿಗೆ ಹೋಗಿ ಮುಚ್ಚಿದ್ದ ರಟ್ಟನ್ನು ಎತ್ತಿದಳು.

ಕಾರ್ಯದರ್ಶಿ ನೋಡಿದ. ಅವನ ಮುಖ ಊದಿತು.

"ಏನಿದು? ನೀಲಿ ಮೇಲಿದೆ! ಇದು ಅವರ ಬಾವುಟ!"

ಅವನ ದನಿಗೆ ಬ್ಯಾಂಡಿನವರೂ ತಿರುಗಿದರು. ಜನ ಗುಂಪುಗೂಡಿದರು. "ನೋಡ್ರೀ, ನಮ್ಮ ಹಬ್ಬಕ್ಕೆ ಅವರ ಬಾವುಟ ತಂದಿಟ್ಟಿದ್ದಾರೆ! ನಾನು ಮೊದಲೇ ಹೇಳಿರಲಿಲ್ವಾ?"

ಬೇಕರಿಯಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಉರಿಯುವ ಸಿಟ್ಟಿನಲ್ಲೂ ನಗು ಬಂತು.

"ಸ್ವಾಮಿ, ಮೇಜಿನ ಮೇಲೆ ಮಲಗಿಸಿದ ಹಲಗೆಗೆ ಮೇಲೆ ಯಾವುದು, ಕೆಳಗೆ ಯಾವುದು? ನಿಮ್ಮ ಕಡೆಯಿಂದ ಹಾಗೆ ಕಾಣುತ್ತೆ. ನನ್ನ ಕಡೆಗೆ ಬನ್ನಿ, ಕೆಂಪು ಮೇಲೇ ಇದೆ."

"ನಾನ್ಯಾಕೆ ಬರಲಿ?"

"ಹಾಗಾದರೆ ತಿರುಗಿಸಿ ಇಡಿ. ಹಿಡಿದು ಇಳಿಸಿದ್ದು ನೀವೇ ತಾನೆ?"

"ತಿರುಗಿಸೋ ಪ್ರಶ್ನೆ ಅಲ್ಲಮ್ಮ ಇದು. ಮನಸ್ಸಿನಲ್ಲಿ ಏನಿದೆ ಅನ್ನೋ ಪ್ರಶ್ನೆ."

ಅಷ್ಟರಲ್ಲಿ ಗಂಡ ಬಂದು ಅವಳ ಪಕ್ಕ ನಿಂತ. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಹೆಡ್ ಮೇಡಂ ಬಾವುಟದ ಕೋಲನ್ನು ಹಿಡಿದುಕೊಂಡೇ ಇವರ ಹತ್ತಿರ ಸರಿದು, ದನಿ ತಗ್ಗಿಸಿದಳು.

"ಗುಂಪಿನ ಮುಂದೆ ಬೆಳೆಸೋದು ಬೇಡ. ಯಜಮಾನರು ತಪ್ಪಾಯ್ತು ಅಂತ ಒಂದೇ ಒಂದು ಮಾತು ಅಂದುಬಿಡಲಿ. ಕಾರ್ಯದರ್ಶಿಗಳಿಗೆ ಸಮಾಧಾನ ಆಗುತ್ತೆ. ನಾನು ಈಗಲೇ, ಇಲ್ಲೇ, ಈ ಬಾವುಟ ಪುಟ್ಟಿ ಕೈಗೆ ಕೊಡ್ತೀನಿ."

ಬೇಕರಿಯಮ್ಮ ಮಗಳ ಕಡೆ ನೋಡಿದಳು. ಪುಟ್ಟಿಗೆ ಮಾತು ಕೇಳಿಸಿತ್ತು. ಬಿಳಿ ಕೈಗವಸಿನ ಕೈಗಳು ಸೊಂಟದ ಪಕ್ಕದಲ್ಲಿ ಬಿಗಿದುಕೊಂಡಿದ್ದವು. ಅವುಗಳನ್ನು ನೋಡಿ ತಾಯಿಯ ಸಿಟ್ಟೆಲ್ಲ ಗಂಟಲಿನಲ್ಲೇ ಇಂಗಿತು. ಒಂದು ಮಾತು ತಾನೆ? ಈ ಮನುಷ್ಯ ಆ ಮಾತನ್ನು ಕಂಡಕಂಡವರಿಗೆಲ್ಲ ಹಂಚಿದ್ದಾನೆ. ಇವತ್ತು ಒಂದು ಸಲ ಮಗಳಿಗಾಗಿ ಹಂಚಿದರೆ ಏನು ಗಂಟು ಹೋಗುತ್ತದೆ? ಮದುವೆಯಾದಾಗಿನಿಂದ ಯಾವ ಮಾತಿಗಾಗಿ ಅವನನ್ನು ಬೈದಿದ್ದಳೋ ಅದನ್ನೇ ಆಡಿಸಲು ಅವನ ಮೊಣಕೈ ತಿವಿದಳು.

"ಹೇಳಿಬಿಡಿ," ಎಂದಳು ಮೆಲ್ಲಗೆ.

ಅವನು ಹಲಗೆಯನ್ನು ನೋಡಿದ. ಆಮೇಲೆ ಕಾರ್ಯದರ್ಶಿಯನ್ನು.

"ಇಲ್ಲ," ಎಂದ.

ಬೇಕರಿಯಮ್ಮನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು.

"ನಾನು ಮಾಡದ ತಪ್ಪಿಗೆಲ್ಲ ತಪ್ಪಾಯ್ತು ಅಂದಿದ್ದೀನಿ. ನಿಮಗೂ ಅಂದಿದ್ದೀನಿ ಸರ್, ನೆನಪಿದೆಯೋ ಇಲ್ವೋ. ಇಲ್ಲಿರೋಕೆ ಬಿಟ್ಟಿದ್ದಾರಲ್ಲ, ಒಂದು ಮಾತು ತಾನೆ ಅಂತ." ಅವನ ದನಿ ಏರಿರಲಿಲ್ಲ. "ಇದನ್ನ ಮಾತ್ರ ಅನ್ನಲ್ಲ. ನನ್ನ ಮಗಳ ಎದುರಿಗೆ ಅನ್ನಲ್ಲ. ಈ ಕೇಕಿನಲ್ಲಿ ತಪ್ಪಿಲ್ಲ."

ಪುಟ್ಟಿ ಸಾಲು ಬಿಟ್ಟು ಹೊರಬಂದಳು. "ಏಯ್, ಸಾಲಲ್ಲಿ ನಿಲ್ಲು" ಎಂದು ಡ್ರಿಲ್ ಮಾಸ್ತರು ಅಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಮೇಡಂ ಕೈಯ ಬಾವುಟವನ್ನು ದಾಟಿ, ಮೇಜನ್ನು ಸುತ್ತುಹಾಕಿ, ಅಪ್ಪನ ಪಕ್ಕಕ್ಕೆ ಬಂದು ನಿಂತು, ಬಗ್ಗಿ ಹಲಗೆ ನೋಡಿದಳು.

"ಇಲ್ಲಿಂದ ಸರಿಯಾಗೇ ಇದೆ ಮೇಡಂ," ಎಂದಳು.

ಆಗ ಬೇಕರಿಯಮ್ಮನ ಗಂಟಲಿನಲ್ಲಿ ಇಂಗಿದ್ದ ಸಿಟ್ಟು ಬಡ್ಡಿ ಸಮೇತ ವಾಪಸ್ಸು ಬಂತು. ಕಾರ್ಯದರ್ಶಿಯ ಮೇಲೆ, ಮೇಡಂ ಮೇಲೆ, ಸುಮ್ಮನೆ ನಿಂತು ನೋಡುತ್ತಿದ್ದ ತನ್ನದೇ ಗಿರಾಕಿಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಗಂಡನ ಮೊಣಕೈ ತಿವಿದ ತನ್ನ ಕೈಯ ಮೇಲೆ.

"ಎತ್ರೀ ಹಲಗೆ," ಎಂದಳು ಗಂಡನಿಗೆ.

"ಅಯ್ಯೋ, ಮಕ್ಕಳಿಗೆ ಕೇಕು..." ಎಂದಳು ಮೇಡಂ.

"ನಿಮ್ಮ ಮುಂಗಡ ಸಂಜೆಗೆ ನಿಮ್ಮ ಮನೆಗೆ ಬರುತ್ತೆ. ಮಕ್ಕಳು ನನ್ನ ಅಂಗಡಿಗೆ ಬರಲಿ, ಹೊಟ್ಟೆ ತುಂಬ ಕೊಡ್ತೀನಿ. ಈ ಮೇಜಿನ ಮೇಲೆ ಮಾತ್ರ ಒಂದು ತುಣುಕೂ ಬಿಡಲ್ಲ. ಅವರ ಬಾವುಟ ಅಂದ್ರಲ್ಲ? ತಿಂದು ನಿಮ್ಮ ಹೊಟ್ಟೆ ಯಾಕೆ ಕೆಡಿಸ್ಕೋತೀರಿ?"

ಗಂಡ ಹಿಂದಿನ ಅಂಚು ಹಿಡಿದ. ಮುಂದಿನ ಅಂಚಿಗೆ ಅವಳು ಬಗ್ಗುವಷ್ಟರಲ್ಲಿ ಪುಟ್ಟಿ ಅವಳನ್ನು ಬದಿಗೆ ಸರಿಸಿ, ಬೆನ್ನು ತಿರುಗಿಸಿ ನಿಂತು, ಎರಡೂ ಕೈ ಹಿಂದಕ್ಕೆ ಚಾಚಿ ಹಲಗೆಯನ್ನು ಎತ್ತಿದಳು. ಟೆಂಟಿನ ನೆರಳು ದಾಟಿ ಮೂವರೂ ಮೈದಾನಕ್ಕೆ ಇಳಿದರು. ಮೆರವಣಿಗೆಗೆಂದು ಸುಣ್ಣದಲ್ಲಿ ಗೆರೆ ಎಳೆದ ದಾರಿಯೇ ಗೇಟಿಗೂ ಹೋಗುವ ದಾರಿ, ಬೇರೆ ಇರಲಿಲ್ಲ. ಎರಡೂ ಬದಿಗೆ ನಿಂತಿದ್ದ ಜನ ಹಿಂದೆ ಸರಿದರು. ಒಬ್ಬಿಬ್ಬರು ಟೋಪಿ ತೆಗೆದರು, ಅಭ್ಯಾಸಬಲವೋ ಏನೋ.

ಗೇಟು ಇನ್ನೂ ದೂರವಿತ್ತು. ಬಿಸಿಲಿಗೆ ಕೆಂಪು ಸುರುಳಿಗಳ ತುದಿ ಆಗಲೇ ಬಾಗತೊಡಗಿತ್ತು. ಹಲಗೆಯ ಪಕ್ಕದಲ್ಲಿ ನಡೆಯುತ್ತಿದ್ದ ಬೇಕರಿಯಮ್ಮನಿಗೆ ಕಣ್ಣು ಮಂಜಾಯಿತು. ಅದಕ್ಕೂ ಸಿಟ್ಟು ಬಂದು ಮಗಳ ಮೇಲೆ ರೇಗಿದಳು.

"ಬೇಗ ಬೇಗ ಹೆಜ್ಜೆ ಹಾಕೇ, ಕ್ರೀಮು ಕರಗ್ತಾ ಇದೆ!"

ಪುಟ್ಟಿ ಒಂದು ಹೆಜ್ಜೆ ಇಟ್ಟು, ನಿಂತು, ಮತ್ತೊಂದು ಹೆಜ್ಜೆ ಇಟ್ಟಳು.

"ಬಾವುಟ ಹಿಡಿದವರು ಓಡಬಾರದಮ್ಮ," ಎಂದಳು.