ಹಾನ್ ಕಾಯುತ್ತಿದ್ದ ಒಪ್ಪಂದ

ಬ್ರಿಟನ್ನಿನ ನ್ಯೂ ಮಾಲ್ಡನ್ ಊರಿನ ಇಗರ್ಜಿಯಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚಹಾ ಕೊಡುತ್ತಿದ್ದರು. ನಮ್ಮ ಕರಾವಳಿಯ ಶಿರ್ವದ ಡೊನಾಲ್ಡ್‌ಗೆ ಕೊರಿಯಾದ ಜೋಸೆಫ್ ಹಾನ್ ಪರಿಚಯವಾದದ್ದು ಅಲ್ಲಿಯೇ. ಇಬ್ಬರಿಗೂ ಇಂಗ್ಲಿಷ್ ಕಲಿತ ಭಾಷೆ, ಇಬ್ಬರದೂ ನಿಧಾನದ ಮಾತು. ಸ್ನೇಹ ಕುದುರಿತು.

ಹಾನ್‌ಗೆ ಎಪ್ಪತ್ತರ ಹತ್ತಿರ. ಮಾತು ಎಲ್ಲಿಂದ ಹೊರಟರೂ ಅವರ ಅಜ್ಜನಲ್ಲಿಗೆ ಬಂದು ನಿಲ್ಲುತ್ತಿತ್ತು. ಅಜ್ಜ ಸೋಲ್ ಅರಮನೆಯ ದುಭಾಷಿ. ನಿಮಗೆ ಯಾರಾದರೂ ಅನ್ಯಾಯ ಮಾಡಿದರೆ ನಡುವೆ ಬಂದು ಸರಿಪಡಿಸುತ್ತೇವೆ ಎಂದು ಅಮೆರಿಕ 1882ರ ಒಪ್ಪಂದದಲ್ಲಿ ಕೊರಿಯಾಕ್ಕೆ ಮಾತು ಕೊಟ್ಟಿತ್ತು. ಅಜ್ಜ ಅದನ್ನು ನಂಬಿಕೊಂಡಿದ್ದರು. 1905ರಲ್ಲಿ ಜಪಾನಿನ ಹಿಡಿತ ಬಿಗಿಯಾದಾಗ ನೆಂಟರೆಲ್ಲ ಗಂಟುಮೂಟೆ ಕಟ್ಟಿದರೂ ಅವರು ಕದಲಲಿಲ್ಲ. ಅಷ್ಟರಲ್ಲಾಗಲೇ ಅಮೆರಿಕದ ಮಂತ್ರಿಯೊಬ್ಬ ಟೋಕಿಯೋದಲ್ಲಿ ಕುಳಿತು, ಫಿಲಿಪೈನ್ಸ್ ನಮಗಿರಲಿ, ಕೊರಿಯಾ ನಿಮಗಿರಲಿ ಎಂಬರ್ಥದ ಮಾತು ಮುಗಿಸಿ ಹೋಗಿದ್ದ. ಎಲ್ಲರಿಗಿಂತ ಮೊದಲು ಕಚೇರಿಗೆ ಬೀಗ ಹಾಕಿ ಸೋಲ್ ಬಿಟ್ಟವರು ಅಮೆರಿಕದ ರಾಜತಾಂತ್ರಿಕರೇ.

"ಅಜ್ಜ ಆ ಬೀಗದ ಮುಂದೆ ಸಂಜೆವರೆಗೂ ನಿಂತಿದ್ದರಂತೆ. ಎಂಥ ದಡ್ಡ ಮನುಷ್ಯ," ಎನ್ನುತ್ತಿದ್ದರು ಹಾನ್.

ಜಪಾನ್ ಸೋತ ಮೇಲೆ ಅಮೆರಿಕ ಎಳೆದ ಗೆರೆಗೆ ರಷ್ಯಾ ಒಪ್ಪಿತು, ದೇಶ ಎರಡಾಯಿತು. ಆ ಹೊತ್ತಿಗೆ ಹಾನ್ ಮನೆಯವರು ಉತ್ತರದ ವೊನ್ಸಾನ್‌ನಲ್ಲಿದ್ದರು. ಮುಂದಿನ ಯುದ್ಧದಲ್ಲಿ ಹಾನ್ ದಕ್ಷಿಣಕ್ಕೆ ಓಡಿಬಂದರು. ತಂಗಿ ಸುನೋಕ್ ಅಲ್ಲೇ ಉಳಿದಳು.

2000ದ ಬೇಸಿಗೆಯಲ್ಲಿ ಚೀನಾ ಗಡಿಯ ಪಾದ್ರಿಯೊಬ್ಬರಿಂದ ಸುದ್ದಿ ಬಂತು: ಸುನೋಕ್ ಬದುಕಿದ್ದಾಳೆ. ಹಾನ್ ಬಳಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ಪ್ರವಾಸಿಗರ ಗುಂಪಿನೊಂದಿಗೆ ಬೀಜಿಂಗ್ ಮೂಲಕ ಹೋಗಿ, ಕಾವಲಿನವನ ಎದುರು ಸ್ವಲ್ಪ ಹೊತ್ತು ತಂಗಿಯನ್ನು ನೋಡಬಹುದಿತ್ತು.

"ಜೊತೆಗೆ ಬರ್ತೀರಾ ಡೊನಾಲ್ಡ್?"

"ಬರ್ತೇನೆ."

ಮನೆಯಲ್ಲಿ ಹೆಂಡತಿ ಮೆಟಿಲ್ಡಾ ಗಾಬರಿಯಾದಳು. "ನಿಮಗೆ ಎಂಥ ಮರುಳಾ ಮಾರಾಯ್ರೆ? ಅಲ್ಲಿ ಹೋದವರನ್ನು ವಾಪಸ್ ಬಿಡ್ತಾರಾ?"

"ಪ್ರಾಯದವರು, ಒಬ್ಬರೇ ಹೇಗೆ ಹೋಗುವುದು?" ಎಂದನೇನೋ ನಿಜ, ಆದರೆ ಡೊನಾಲ್ಡ್‌ಗೂ ಒಳಗೊಳಗೇ ಅಳುಕಿತ್ತು.

ಅಕ್ಟೋಬರಿನಲ್ಲಿ ಅಮೆರಿಕದ ವಿದೇಶಾಂಗ ಸಚಿವೆ ಉತ್ತರದ ರಾಜಧಾನಿ ಪ್ಯಾಂಗ್‌ಯಾಂಗ್‌ಗೆ ಹೋದದ್ದನ್ನು ಟಿವಿಯಲ್ಲಿ ತೋರಿಸಿದರು. ಮರು ಭಾನುವಾರ ಹಾನ್ ಮುಖ ಅರಳಿತ್ತು.

"ಸ್ವಲ್ಪ ಕಾಯೋಣ. ಒಪ್ಪಂದವಾದರೆ ದಾರಿ ತೆರೆಯುತ್ತದೆ, ತಂಗಿಯನ್ನು ಸೋಲ್‌ಗೇ ಕರೆದುಕೊಂಡು ಹೋಗ್ತೇನೆ. ಕಾವಲಿನವನ ಎದುರು ಅರ್ಧ ಗಂಟೆ ನೋಡಿ ಏನು ಮಾಡಲಿ?"

ನಿಮ್ಮ ಅಜ್ಜನೂ ಹೀಗೇ ಕಾದರಲ್ಲ ಎಂಬ ಮಾತು ಡೊನಾಲ್ಡ್‌ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಹೊರಡಬೇಕಾಗುತ್ತಿತ್ತು. "ಅದೂ ಸರಿಯೇ," ಎಂದುಬಿಟ್ಟ. ಆ ರಾತ್ರಿ ನೆಮ್ಮದಿಯಿಂದ ನಿದ್ದೆ ಮಾಡಿದ.

ಅಮೆರಿಕದಲ್ಲಿ ಸರ್ಕಾರ ಬದಲಾಯಿತು, ಮಾತುಕತೆ ನಿಂತಿತು. ಇನ್ನೊಂದು ವರ್ಷದಲ್ಲಿ ಉತ್ತರ ಕೊರಿಯಾವನ್ನು ದುಷ್ಟ ದೇಶವೆಂದು ಸಾರಿದರು. ಹಾನ್ ಮಾತ್ರ ಮುಂದಿನ ಸುತ್ತಿಗೆ ಕಾಯುತ್ತಲೇ ಇದ್ದರು. 2003ರಲ್ಲಿ ಅದೇ ಪಾದ್ರಿಯ ಫೋನ್ ಬಂತು. ಸುನೋಕ್ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಮಗಳು ತನ್ನಲ್ಲಿಗೆ ಕರೆದರೂ, ಅಣ್ಣ ಬಂದರೆ ಮನೆ ಗೊತ್ತಾಗುವುದಿಲ್ಲವೆಂದು ಹೋಗಿರಲಿಲ್ಲವಂತೆ.

"ಅಜ್ಜನಿಗಾದರೂ ಗೊತ್ತಿರಲಿಲ್ಲ," ಎಂದರು ಹಾನ್. "ನನಗೆ ಎಲ್ಲ ಗೊತ್ತಿತ್ತು."

ಡೊನಾಲ್ಡ್ ಸುನೋಕ್ ಹೆಸರಿನಲ್ಲಿ ಪೂಜೆ ಹೇಳಿಸಿದ. ಇಗರ್ಜಿಯ ಪಾದ್ರಿ ಆ ಹೆಸರನ್ನು ತಡವರಿಸಿ ತಪ್ಪಾಗಿ ಓದಿದರು. ಹಾನ್ ತಲೆಯೆತ್ತಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೆಟಿಲ್ಡಾ ಅವನ ಕೈಮೇಲೆ ಕೈಯಿಟ್ಟಳು. "ನೀವಂತೂ ಹೊರಟೇ ಇದ್ರಿ ಪಾಪ. ಅವರೇ ಬೇಡ ಅಂದದ್ದಲ್ವಾ?"

ಡೊನಾಲ್ಡ್ ಅವಳ ಕೈಯ ಕೆಳಗಿಂದ ತನ್ನ ಕೈಯನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡ.