ಅಲಂಕಾರಣ್ಣನ ಹಳೆಯ ಹಾಳೆ

ಇದು ನಡೆದ ಕಥೆ. ನಡೆದ ಎಂದರೆ ಕೈ ಬೀಸಿಕೊಂಡು ನಡೆದದ್ದಲ್ಲ, ನಮ್ಮ ಸಂಜೆ ಕಾಲೇಜಿನ ಎರಡನೇ ಮಹಡಿಯಲ್ಲಿ, ಟೈರ್ ಅಂಗಡಿಯ ನೆತ್ತಿಯ ಮೇಲೆ, ಬೆಂಚಿನಲ್ಲಿ ಕೂತ ಹಾಗೇ ನಡೆದದ್ದು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಜೆರಾಕ್ಸ್ ಯಂತ್ರದಲ್ಲಿ ಇವತ್ತೇ ಕಾಗದ ಸಿಕ್ಕಿಹಾಕಿಕೊಳ್ಳಲಿ. ಅದು ದಿನಾ ಸಿಕ್ಕಿಹಾಕಿಕೊಳ್ಳುತ್ತದೆ, ಆ ಮಾತು ಬೇರೆ.

ಹಗಲೆಲ್ಲ ದುಡಿದು ಸಂಜೆ ಡಿಗ್ರಿ ಓದಲು ಬರುವವರ ತರಗತಿ ನಮ್ಮದು. ನಾನು ಜೆರಾಕ್ಸ್ ಅಂಗಡಿಯವನು. ನನ್ನ ಪಕ್ಕದಲ್ಲಿ ಆಸ್ಪತ್ರೆಯ ನರ್ಸಕ್ಕ, ಹಿಂದೆ ಲಿಫ್ಟ್ ರಿಪೇರಿಯ ಮೆಕ್ಯಾನಿಕ್. ಮುಂದಿನ ಬೆಂಚು ಪೂರ್ತಿ ಅಲಂಕಾರಣ್ಣನದು. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ, ಜನರ ದೂರುಗಳಿಗೆ ಉತ್ತರ ಬರೆಯುವುದು ಕೆಲಸ. ಹೆಸರು ನಾವಿಟ್ಟದ್ದು. ಪೆನ್ನಿನ ಇಂಕು ಮುಗಿದರೆ, "ನನ್ನ ಲೇಖನಿ ಬೇಸಿಗೆಯ ಬಾವಿಯಂತಾಗಿದೆ, ಒಂದು ಕೊಡ ಕಡ ಸಿಕ್ಕೀತೇ?" ಎನ್ನುವ ಮನುಷ್ಯನಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ?

ಮೊದಲ ವರ್ಷದ ಮೊದಲ ದಿನ ನಮ್ಮ ಕನ್ನಡ ಮೇಡಂ ಎಲ್ಲರಿಂದಲೂ ಒಂದೊಂದು ಹಾಳೆ ಬರೆಸಿದ್ದರು: 'ನಾನು ಇಲ್ಲಿಗೆ ಯಾಕೆ ಬಂದೆ'. ತಾವೂ ಓದದೆ, ದಾರ ಸುತ್ತಿ, ಬೀರುವಿಗೆ ಹಾಕಿ ಬೀಗ ಜಡಿದಿದ್ದರು.

"ಕೊನೇ ವರ್ಷ ನೀವೇ ತೆಗೆದು ಓದಿ," ಎಂದಿದ್ದರು. "ಓದೋದ್ರಲ್ಲಿ, ಬರೆಯೋದ್ರಲ್ಲಿ ಏನು ಬೆಳೆದಿದ್ದೀರಿ ಅಂತ ನೀವೇ ಹೇಳಿ. ತನ್ನ ಬರಹಾನ ತಾನೇ ನೆಟ್ಟಗೆ ನೋಡೋ ಧೈರ್ಯ ಯಾರಿಗಿದೆಯೋ ಅವರು ಕಾಲೇಜು ಪತ್ರಿಕೆಗೆ ಸಂಪಾದಕರು."

ಆ ಕುರ್ಚಿಯ ಮೇಲೆ ಅಲಂಕಾರಣ್ಣ ಅವತ್ತೇ ಟವಲ್ ಹಾಕಿದ್ದ. ಹೆಂಡತಿಗೆ ಹೇಳಿದ್ದ, ಹೆಂಡತಿ ಬೀದಿಗೆಲ್ಲ ಹೇಳಿದ್ದಳು. ಅವನ ಅತ್ತೆ ಮಾತ್ರ, "ಸಂಪಾದಕ ಆಗೋದು ಇರ್ಲಿ, ಸಂಪಾದನೆ ಯಾವಾಗಂತೆ?" ಎಂದರಂತೆ. ಇನ್ನು ಕುರ್ಚಿ ತಪ್ಪಿದರೆ ಬೀದಿಯಲ್ಲಿ ತಲೆಯೆತ್ತುವ ಹಾಗಿರಲಿಲ್ಲ.

ಕೊನೆಯ ವರ್ಷ ಬಂತು. ಹಾಳೆಗಳ ಕಟ್ಟು ತರಲು ಮೇಡಂ ಬೀರುವಿನ ಕೀಲಿ ಕೊಟ್ಟದ್ದು, ಊರಲ್ಲಿ ಬೇರೆ ಯಾರೂ ಇಲ್ಲವೇನೋ ಎಂಬಂತೆ, ನನ್ನ ಕೈಗೆ! ನಾನು ಮಿಮಿಕ್ರಿಯವನು. ದನಿಯಷ್ಟೇ ಅಲ್ಲ, ಕೈಬರಹವನ್ನೂ ಅಣಕಿಸಬಲ್ಲೆ. ಅಲಂಕಾರಣ್ಣನ ಅಸಲು ಹಾಳೆಯನ್ನು ಓದದೆಯೇ ಮಡಚಿ ಜೇಬಿಗಿಟ್ಟೆ. ಓದುವುದೇಕೆ, ಒಳಗೇನಿರುತ್ತದೆಂದು ಗೊತ್ತಿಲ್ಲವೇ! ಅವನದೇ ಕೈಬರಹದಲ್ಲಿ, ಬಾಲ ಬಿಟ್ಟ ಕೊಂಬುಗಳ ಸಮೇತ, ಹೊಸದೊಂದು ಬರೆದೆ. ಅಂಗಡಿಯ ಗಾಜಿಗೆ ಅಂಟಿಸಿ, ಬಿಸಿಲು ಕುಡಿಸಿ, ಹಳದಿಯಾದ ಮೇಲೆ ಕಟ್ಟಿಗೆ ಸೇರಿಸಿದೆ.

"ಪಾಪ ಕಣೋ, ಬೇಡ್ವೋ," ಎಂದಿದ್ದಳು ನರ್ಸಕ್ಕ. ಓದಿ ನೋಡಿದ ಮೇಲೆ, "ಚಪ್ಪಲಿದೂ ಒಂದು ಉಪಮೆ ಸೇರಿಸು," ಎಂದಳು.

ಅಲಂಕಾರಣ್ಣ ಎರಡು ಸಾಲು ಓದಿ "ಇದು ನಂದಲ್ಲ!" ಎಂದು ಕಿರುಚಬೇಕು, ನಾವು ನಗಬೇಕು, ಅಸಲು ಹಾಳೆ ಅವನಿಗೆ ಕೊಡಬೇಕು. ನಮ್ಮ ಲೆಕ್ಕಾಚಾರ ಇಷ್ಟೇ.

ಓದುವ ದಿನ ಮೊದಲು ಎದ್ದವಳು ನರ್ಸಕ್ಕ. "ಆಗ ಔಷಧಿ ಚೀಟಿ ಬಿಟ್ರೆ ಏನೂ ಓದ್ತಿರ್ಲಿಲ್ಲ ಮೇಡಂ. ಈಗ ಕಾದಂಬರಿ ಓದ್ತೀನಿ. ಆದ್ರೆ ನಾಯಕಿ ಒಂದ್ಸಲ ಕೆಮ್ಮಿದ್ರೆ ಸಾಕು, ಕೊನೇ ಅಧ್ಯಾಯದಲ್ಲಿ ಏನಾಗುತ್ತೆ ಅಂತ ಗೊತ್ತಾಗಿಬಿಡುತ್ತೆ."

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಆಗ ನನ್ನ ವಾಕ್ಯ ಎರಡು ಮಹಡಿ ಮಧ್ಯೆ ನಿಂತುಬಿಡ್ತಿತ್ತು. ಈಗ್ಲೂ ನಿಲ್ಲುತ್ತೆ, ಆದ್ರೆ ಬಾಗಿಲು ತೆಗೆದು ಜನಾನ ಇಳಿಸೋದು ಕಲ್ತಿದ್ದೀನಿ."

ಆಮೇಲೆ ಅಲಂಕಾರಣ್ಣ ಎದ್ದ. ಗಂಟಲು ಸರಿಮಾಡಿಕೊಂಡು ನನ್ನ ಹಾಳೆ ಓದತೊಡಗಿದ:

"ಜ್ಞಾನವೆಂಬ ಹಸುವಿನ ಕೆಚ್ಚಲಿಗೆ ಹಸಿದ ಕರುವಿನಂತೆ ಬಾಯಿಟ್ಟು, ವಿದ್ಯೆಯೆಂಬ ಹಾಲನ್ನು ಹೀರಲೆಂದು, ಸಂಜೆಯೆಂಬ ಕೊಟ್ಟಿಗೆಗೆ ಬಾಲವೆತ್ತಿ ಓಡಿ ಬಂದೆನು. ಬಾಗಿಲಲ್ಲಿ ನನ್ನ ಅಹಂಕಾರವನ್ನು ಚಪ್ಪಲಿಯಂತೆ ಕಳಚಿಟ್ಟೆನು. ಹೊರಡುವಾಗ ನೋಡಿದರೆ ಅದನ್ನು ಯಾರೋ ಹಾಕಿಕೊಂಡು ಹೋಗಿದ್ದರು."

ನಾವು ಉಸಿರು ಹಿಡಿದು ಕಾದೆವು. ಈಗ ಕಿರುಚುತ್ತಾನೆ, ಇನ್ನೇನು ಕಿರುಚುತ್ತಾನೆ...

ಅಲಂಕಾರಣ್ಣ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಮೇಡಂ, ಆಗ ನಾನು ಎಷ್ಟು ಚೆನ್ನಾಗಿ ಬರೀತಿದ್ದೆ! ಆ ಚಪ್ಪಲಿ... ಅಬ್ಬಾ! ಇವತ್ತು ತಲೆಕೆಳಗಾಗಿ ನಿಂತ್ರೂ ಅಂಥ ಒಂದು ಸಾಲು ನನಗೆ ಹೊಳೆಯಲ್ಲ. ನಾನು ಬೆಳೆದಿಲ್ಲ ಮೇಡಂ, ಸವೆದುಹೋಗಿದ್ದೀನಿ. ಸಂಪಾದಕನ ಕೆಲಸ ಬೇರೆ ಯಾರಿಗಾದ್ರೂ ಕೊಡಿ. ಮನೇಲಿ ಏನೋ ಒಂದು ಹೇಳ್ಕೋತೀನಿ."

ನನ್ನ ನಗು ಗಂಟಲಲ್ಲೇ ಸಿಕ್ಕಿಹಾಕಿಕೊಂಡಿತು, ಥೇಟ್ ನನ್ನ ಯಂತ್ರದ ಕಾಗದದ ಹಾಗೆ. ನರ್ಸಕ್ಕ ತೊಡೆಗೆ ಚಿವುಟಿದಳು. ಇಂಜೆಕ್ಷನ್ ಕೊಟ್ಟು ಪಳಗಿದ ಕೈ, ನಾನು ನೆಟ್ಟಗೆ ಎದ್ದು ನಿಂತೆ.

"ಅಣ್ಣಾ, ಅದು ನಿಮ್ದಲ್ಲ. ನಾನು ಬರೆದದ್ದು. ನಿಮ್ಮ ಹಾಳೆ ಇಲ್ಲಿದೆ."

ಮೇಡಂ ನನ್ನನ್ನು ನೋಡಿದ ನೋಟಕ್ಕೆ ಪರೀಕ್ಷೆಯ ಅಂಕಗಳೂ ಹೆದರಿ ಓಡಿಹೋಗಿರಬೇಕು. "ಕೊಡು ಅವರಿಗೆ," ಎಂದರು.

ಅಲಂಕಾರಣ್ಣ ಮಡಿಕೆ ಬಿಚ್ಚಿ ಓದಿದ. ದನಿ ಮೆಲ್ಲಗಿತ್ತು.

"ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಒಬ್ಬ ಅಜ್ಜಿ ಕಚೇರಿಗೆ ಬರೆದಿದ್ದರು. ನಾನೇ ಓದಿದೆ. ಏನು ಉತ್ತರ ಬರೆಯಬೇಕೆಂದು ತಿಳಿಯಲಿಲ್ಲ. ಅದಕ್ಕೇ ಇಲ್ಲಿಗೆ ಬಂದೆ."

ಅಷ್ಟೇ. ಹುಡುಕಿದರೂ ಒಂದು 'ಅಂತೆ' ಇಲ್ಲ, ಒಂದು 'ಎಂಬ' ಇಲ್ಲ. ಅವನು ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ, ಉಳಿದದ್ದು ಅಲ್ಲೇನಾದರೂ ಇದೆಯೋ ಎಂದು.

"ಲೋ, ಇದು ನಿಜವಾಗ್ಲೂ ನಂದೇನೋ?"

"ನಿಮ್ದೇ ಅಣ್ಣ. ಆಣೆಗೂ."

ಮೇಡಂ ಕೇಳಿದರು: "ಸರಿ, ಈಗ ಹೇಳಿ. ಅಲ್ಲಿಂದ ಇಲ್ಲೀವರೆಗೆ ಏನು ಬೆಳೀತು? ಆ ಅಜ್ಜಿಗೆ ಉತ್ತರ ಬರೆದ್ರಾ?"

"ಬರೆದೆ ಮೇಡಂ. ನಿಮ್ಮ ಅಲಂಕಾರದ ಪಾಠ ಮುಗಿದ ಕೂಡ್ಲೇ." ಅಲಂಕಾರಣ್ಣ ತುಟಿ ಕಚ್ಚಿಕೊಂಡ. "ಮೂರು ಪುಟ. ಬರೀ ಮೋಡದ ಬಗ್ಗೆ."

"ಅಜ್ಜಿ ಏನಂದ್ರು?"

"ವಾಪಸ್ ಬರೆದಿದ್ರು. 'ಓದಿ ಕಣ್ಣೀರು ಬಂತು ಮಗಾ. ಸದ್ಯಕ್ಕೆ ಮನೇಲಿರೋ ನೀರು ಅದೊಂದೇ.'"

ಮೆಕ್ಯಾನಿಕ್ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ನರ್ಸಕ್ಕ ಮೇಜಿನ ಕೆಳಗೆ ಬಗ್ಗಿದಳು, ಬೀಳದ ಪೆನ್ನು ಹುಡುಕಲು.

"ಕೊನೆಗೆ ನೀರು ಬಂತೇನಣ್ಣಾ?" ಎಂದೆ ನಾನು, ಧೈರ್ಯ ಮಾಡಿ.

"ಬಂತು ಕಣೋ. ಇಂಜಿನಿಯರ್ ನನ್ನ ಕಾಗದ ಓದ್ಲಿಲ್ಲ, ಅಜ್ಜೀದು ಓದಿದ್ರು!"

ಹೇಳಿದ್ದು ತನ್ನ ಕಿವಿಗೇ ಬಿದ್ದು ಅವನ ಹೊಟ್ಟೆ ಕುಲುಕತೊಡಗಿತು. ಮೇಡಂ ಎದ್ದು ಬೋರ್ಡಿನ ಮೇಲೆ 'ಸಂಪಾದಕ' ಎಂದು ಬರೆದು ಮುಂದೆ ಅವನ ಹೆಸರು ಬರೆದರು, ಕೆಳಗೆ 'ಕರಡು ತಿದ್ದುವವ, ಇಡೀ ಪತ್ರಿಕೆಗೆ, ಒಬ್ಬನೇ' ಎಂದು ನನ್ನದು. ನಂತರ ಅಲಂಕಾರಣ್ಣನ ಕೈಗೆ ಕೆಂಪು ಪೆನ್ನು ಕೊಟ್ಟು ನನ್ನ ಹಾಳೆ ತೋರಿಸಿದರು. "ಮೊದಲನೇ ಕೆಲಸ. ಕತ್ತರಿಸಿ."

ಅವನು ಹಸು ಹೊಡೆದುಹಾಕಿದ, ಕರು ಹೊಡೆದುಹಾಕಿದ, ಕೊಟ್ಟಿಗೆಯನ್ನೇ ಕೆಡವಿದ. ಚಪ್ಪಲಿಯ ಹತ್ತಿರ ಬಂದಾಗ ಪೆನ್ನು ನಿಂತಿತು.

"ಇದೊಂದು ಇರ್ಲಿ ಬಿಡಿ ಮೇಡಂ... ಚೆನ್ನಾಗಿದೆ!"

ಅಷ್ಟಂದು ಬಿದ್ದು ಬಿದ್ದು ನಗತೊಡಗಿದ. ನಾವೆಲ್ಲ ನಕ್ಕೆವು, ಮೇಡಂ ಕೂಡ. ಆದರೆ ಎಲ್ಲರದೂ ಸೇರಿದರೂ ಅವನ ನಗುವಿಗೆ ಸಾಟಿಯಾಗಲಿಲ್ಲ. ಆ ಸದ್ದಿಗೆ ಯಾವುದೋ ಟೈರು ಸಿಡಿಯಿತೆಂದುಕೊಂಡು ಕೆಳಗಿನ ಅಂಗಡಿಯವನು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಾಗಲೂ ಅಲಂಕಾರಣ್ಣ ಇನ್ನೂ ನಗುತ್ತಲೇ ಇದ್ದ.