ನಾಟಿ ಗ್ಯಾಂಗಿನ ಮುಖಗಳು

ನಮ್ಮವ್ವನ ಮುಖವನ್ನು ನಾನು ಮೈದಾ ಹಿಟ್ಟಿನ ಹಾಗೆ ಬೆಳ್ಳಗೆ ಮಾಡಿದ್ದೆ. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಹಣಮಂತಮ್ಮನ ಕಣ್ಣಿಗೆ.

ಹಣಮಂತಮ್ಮ ನಮ್ಮ ರಾಮಸಮುದ್ರದ ನಾಟಿ ಗ್ಯಾಂಗಿನ ಯಜಮಾನಿ. ಕಾಲುವೆಗೆ ನೀರು ಬಿಟ್ಟರೆಂದರೆ ಊರಿನ ಹೆಂಗಸರನ್ನು ಕಟ್ಟಿಕೊಂಡು ಶಹಾಪುರದ ಕಡೆ ಭತ್ತ ಹಚ್ಚಲು ಹೊರಟುಬಿಡುತ್ತಾಳೆ. ನಮ್ಮವ್ವ ಬಾಲಮ್ಮನೂ ಆ ಗ್ಯಾಂಗಿನವಳೇ. ಆ ವರ್ಷ ಹೆಂಗಸರೆಲ್ಲ ಕೂಡಿ ಒಂದು ಹಳೆಯ ಗೂಡ್ಸ್ ಗಾಡಿ ಕೊಂಡಿದ್ದರು. ಬೇರೆಯವರ ಗಾಡಿಗಳ ಮೇಲೆ ಮಾಲೀಕನ ಮಕ್ಕಳ ಹೆಸರೋ ಸಿನಿಮಾದವರ ಮುಖವೋ ಇರುತ್ತದೆ. ತಮ್ಮ ಗಾಡಿಯ ಮೇಲೆ ತಮ್ಮದೇ ಚಿತ್ರ ಇರಬೇಕೆಂದು ಹಣಮಂತಮ್ಮ ಹಟ ಹಿಡಿದಳು. ಒಂಬತ್ತನೇ ಇಯತ್ತೆಯಲ್ಲಿ ಮಾಸ್ತರರ ಜೊತೆ ಜಗಳಾಡಿ ಶಾಲೆ ಬಿಟ್ಟ ನಾನು ಶಹಾಪುರದ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದೆ. ಕೆಲಸ ನನ್ನ ಪಾಲಿಗೆ ಬಂತು.

ಹೆಂಗಸರು ಕೆಸರಿನಲ್ಲಿ ನಿಂತಾಗ ಮೊಬೈಲಿನಲ್ಲಿ ತೆಗೆದ ಫೋಟೊ ಇಟ್ಟುಕೊಂಡು ಕಂಪ್ಯೂಟರಿನಲ್ಲೇ ಬಣ್ಣ ಬಳಿದೆ. ಹೆಂಗಸರು ನೋಡಲು ಅಂಗಡಿಗೇ ಬಂದರು.

"ಇವರೆಲ್ಲ ಯಾರಪಾ ಯಂಕಣ್ಣ?" ಎಂದಳು ಹಣಮಂತಮ್ಮ.

"ನೀವ ಅದೀರಿ, ಅತ್ತಿ."

"ನಾವಾ? ಕೆಸರಿನಾಗ ನಿಂತ್ರ ಇಷ್ಟು ಬೆಳ್ಳಗ ಆಗ್ತೀವಂತ ಗೊತ್ತಿದ್ದಿಲ್ಲ ನೋಡು. ಒಬ್ಬಾಕಿಗೂ ಇನ್ನೊಬ್ಬಾಕಿಗೂ ಫರಕ ಇಲ್ಲ. ಎಲ್ಲಾರನೂ ಒಂದ ತಾಯಿ ಮಕ್ಕಳನ್ನ ಮಾಡೀದಿ."

"ನಂದು ಹಿಂಗ ಇರಲಿ ಬಿಡ ಯವ್ವಾ," ಎಂದಳು ಹಿಂದೆ ನಿಂತ ಬಸ್ಸಮ್ಮ. "ನಮ್ಮ ಮನ್ಯಾನವ ನೋಡಿ ಇನ್ನೊಂದ್ ಸಲ ಲಗ್ನ ಆಗ್ತಾನ."

ಎಲ್ಲರೂ ನಕ್ಕರು. ನಮ್ಮವ್ವ ಮಾತ್ರ ನಗಲಿಲ್ಲ. ಪರದೆಯ ಹತ್ತಿರ ಬಗ್ಗಿ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. "ನಾ ಇದರಾಗ ಎಲ್ಲಿ ಅದೀನೋ ಯಂಕ್ಯಾ?" ಎಂದು ಕೇಳಿದಳು.

ತೋರಿಸಲು ಬೆರಳೆತ್ತಿದೆ. ನನಗೂ ಒಂದು ಗಳಿಗೆ ಹುಡುಕಬೇಕಾಯಿತು.

"ನೀರು ಬಿಡೋದರೊಳಗ ನಮ್ಮ ಮುಖ ನಮಗ ಕೊಡು," ಎಂದಳು ಹಣಮಂತಮ್ಮ. "ಆಗೂದಿಲ್ಲಂದ್ರ ಈಗ ಹೇಳು. ಗಾಡಿ ಮ್ಯಾಲ ಗುಲಾಬಿ ಹೂ ಬರಸ್ತೀವಿ."

ಅವರು ಹೋದ ಮೇಲೆ ಕುರ್ಚಿಯನ್ನು ಒದ್ದೆ. ಸಿಟ್ಟು ಬಾರದೆ ಏನು? ಹುಟ್ಟುಹಬ್ಬವಿರಲಿ, ಶ್ರದ್ಧಾಂಜಲಿಯಿರಲಿ, ಎಲ್ಲರ ಮುಖವನ್ನೂ ಬೆಳ್ಳಗೆ ಮಾಡುವುದೇ ನಮ್ಮ ಅಂಗಡಿಯ ಪದ್ಧತಿ. ಯಾರೂ ಬೇಡವೆಂದಿರಲಿಲ್ಲ. ಆಗಲಿ, ಕಪ್ಪು ಬೇಕಾದರೆ ಕಪ್ಪೇ ತಗೊಳ್ಳಿ ಎಂದು ಬಿಳಿಯನ್ನೆಲ್ಲ ಅಳಿಸಿ ಅವ್ವನ ನಿಜವಾದ ಬಣ್ಣವನ್ನೇ ಸುರಿದೆ. ಮುಖ ಮಣ್ಣಿನ ಹೆಂಟೆಯಾಯಿತು. ಕಣ್ಣು ಹೂತುಹೋಯಿತು, ಮೂಗು ಕರಗಿಹೋಯಿತು. ಮೂಗು ಎದ್ದು ಕಾಣಲೆಂದು ಅಲ್ಲಿ ಸ್ವಲ್ಪ ತಿಳಿ ಮಾಡಿದೆ. ಮೂಗು ಕಂಡರೆ ಗಲ್ಲ ಕಾಣಲಿಲ್ಲ, ಅಲ್ಲೂ ತಿಳಿ ಮಾಡಿದೆ. ಆಮೇಲೆ ಹಣೆ, ಆಮೇಲೆ ಗದ್ದ. ಕೊನೆಗೆ ನೋಡಿದರೆ ಅದೇ ಮೈದಾ ಹಿಟ್ಟು.

ಅಂಗಡಿಯ ಮಾಲೀಕ ಅಯ್ಯಣ್ಣ ಬೆನ್ನ ಹಿಂದೆ ನಿಂತು ನೋಡುತ್ತಿದ್ದ. "ಸುರಪುರದಾಗ ಖಾಜಾಮಿಯಾ ಅಂತ ಅದಾನ. ಫ್ಲೆಕ್ಸ್ ಬರೂದಕಿಂತ ಮೊದಲ ಈ ಕಡಿ ಬೋರ್ಡು, ಟ್ರಾಲಿ ಎಲ್ಲಾ ಅವನ ಕೈಲೇ ಆಗ್ತಿದ್ದವು. ಹೋಗಿ ತೋರಸು. ಬೈಯ್ತಾನ, ಬೈಸ್ಕೊಂಡು ಬಾ," ಎಂದ.

ಮರುದಿನವೇ ಬಸ್ಸು ಹತ್ತಿದೆ.

ಖಾಜಾಮಿಯಾ ರಂಗಂಪೇಟೆಯ ಒಂದು ಬೇವಿನ ಮರದ ಕೆಳಗೆ ಟ್ರ್ಯಾಕ್ಟರ್ ಟ್ರಾಲಿಗೆ ಎತ್ತಿನ ಚಿತ್ರ ಬರೆಯುತ್ತಿದ್ದ. ನಾನು ಫ್ಲೆಕ್ಸ್ ಅಂಗಡಿಯವನೆಂದು ಹೇಳಿದ್ದೇ ತಡ, "ಬಾರೋ ಬೇಟಾ, ನಮ್ಮ ಅನ್ನಕ್ಕ ಮಣ್ಣು ಹಾಕಿದ ಮಷೀನಿನವ ನೀನೇ ಏನು?" ಎಂದ. ತಿರುಗಿ ಒಂದು ಮಾತು ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಉದ್ದ ಕೂದಲಿನ ಕುಂಚವನ್ನು ಕಪ್ಪು ಬಣ್ಣದಲ್ಲಿ ಅದ್ದಿ ಎತ್ತಿನ ಹೆಗಲ ಡುಬ್ಬ, ಹಿಣಿಲು, ಬರುವ ಜಾಗದಲ್ಲಿಟ್ಟ. ಉಸಿರು ಹಿಡಿದ. ಕೈಯಲ್ಲ, ಇಡೀ ಹೆಗಲೇ ಚಲಿಸಿತು. ಹಿಣಿಲಿನಿಂದ ಬೆನ್ನು, ಬೆನ್ನಿನಿಂದ ಬಾಲದ ಬುಡದವರೆಗೆ ಒಂದೇ ಗೆರೆ. ಹಿಣಿಲಿನ ಹತ್ತಿರ ದಪ್ಪ, ಬಿಸಿಲು ಬೀಳುವ ಬೆನ್ನಿನಲ್ಲಿ ಕೂದಲಿನಷ್ಟು ತೆಳು, ಕೆಳಗಿಳಿಯುವಾಗ ಮತ್ತೆ ದಪ್ಪ. ಬರಿಯ ತಗಡಿನ ಮೇಲೆ ಎತ್ತಿನ ಭಾರ ಬಂದು ಕೂತಿತು. ಬಣ್ಣ ಇನ್ನೂ ಹಚ್ಚಿರಲೇ ಇಲ್ಲ. ಅನ್ನಬೇಕೆಂದಿದ್ದ ಮಾತು ನನಗೆ ಮರೆತುಹೋಯಿತು.

ಮೊಬೈಲಿನಲ್ಲಿ ನನ್ನ ಚಿತ್ರ ತೋರಿಸಿದೆ. ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

"ಬಣ್ಣಕ್ಕ ಯಾಕಪಾ ಮೂಗು ಮಾಡೋ ಕೆಲಸ ಹಚ್ಚೀದಿ? ಅದು ಗೆರಿ ಕೆಲಸ. ಗೆರಿ ಬರೂದಿಲ್ಲಂತ ಬಣ್ಣದ ಕೈಲಿ ಎಲ್ಲಾ ಮಾಡಸ್ತಿ. ಪಾಪ, ಅದು ಬೆಳ್ಳಗಾಗಿ ಸಾಯಾಕತ್ತದ."

"ನನಗ ಗೆರಿ ಬರ್ತದ ಚಾಚಾ."

"ಹೌದಾ? ಎಳಿ."

ಎಳೆದೆ. ಸಣ್ಣ ಸಣ್ಣ ಗೀರುಗಳನ್ನು ಒಂದರ ಪಕ್ಕ ಒಂದು ಇಟ್ಟು ಒಂದು ಗಲ್ಲ ಮಾಡಿದೆ. ಖಾಜಾಮಿಯಾ ಬೀಡಿ ಹಚ್ಚಿಕೊಂಡು ಅದನ್ನೇ ನೋಡಿದ. "ಕಂಬಳಿಹುಳ ಚಲೋ ಬಂದದ," ಎಂದ.

ಅಂಗಡಿಗೆ ರಜೆ ಇದ್ದಾಗಲೆಲ್ಲ ಅವನ ಬಳಿ ಹೋಗತೊಡಗಿದೆ. ಹಾಳಾದ ಫ್ಲೆಕ್ಸ್‌ಗಳನ್ನು ಸುರುಳಿ ಸುತ್ತಿ ಒಯ್ಯುತ್ತಿದ್ದೆ, ಅವುಗಳ ಬಿಳಿ ಬೆನ್ನ ಮೇಲೆ ಕಪ್ಪು ಗೆರೆ ಎಳೆಯುತ್ತಿದ್ದೆ. ಕಂಪ್ಯೂಟರಿನಲ್ಲಿ ತಪ್ಪಾದರೆ ಒಂದು ಗುಂಡಿ ಒತ್ತಿದರೆ ಆಯಿತು, ಹಿಂದಿನದು ಬರುತ್ತದೆ. ಇಲ್ಲಿ ಕುಂಚ ಇಟ್ಟಿದ್ದು ಇಟ್ಟಂಗೆ. ಹಾಗಾಗಿ ಇಡುವ ಮೊದಲು ನೋಡಬೇಕು. ನೋಡುವುದು ಎಂದರೇನೆಂದು ನನಗೆ ಆಗ ತಿಳಿಯತೊಡಗಿತು. ಗದ್ದದ ಕೆಳಗೆ ನೆರಳಿದ್ದಲ್ಲಿ ಗೆರೆ ದಪ್ಪ. ಹಣೆಯ ಮೇಲೆ ಬೆಳಕಿದ್ದಲ್ಲಿ ತೆಳು. ಗಲ್ಲದ ಮೇಲೆ ಬಿಸಿಲು ಬಿದ್ದಿದ್ದರೆ ಗೆರೆಯೇ ಬೇಡ, ನೋಡುವವರ ಕಣ್ಣೇ ಅದನ್ನು ಕೂಡಿಸಿಕೊಳ್ಳುತ್ತದೆ.

ಅವ್ವನ ಮುಖ ಬರೆಯುವ ದಿನ ಕುಂಚ ಕೆಳಗಿಟ್ಟು ಮೊದಲು ಫೋಟೊ ನೋಡಿದೆ. ಹುಟ್ಟಿದಾಗಿನಿಂದ ನೋಡಿದ ಮುಖ. ಆದರೆ ಅದರ ಮೂಗು ಎಲ್ಲಿ ತಿರುಗುತ್ತದೆ ಎಂದು ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಮೂಗುತಿಯ ಕಡೆಯ ಹೊಳ್ಳೆ ಇನ್ನೊಂದಕ್ಕಿಂತ ಅಗಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಡಿ ಹುಬ್ಬಿನ ನಡುವೆ ಒಂದು ಗಂಟು. ಕೆಳತುಟಿ ಎಡಕ್ಕೆ ಸ್ವಲ್ಪ ಜಗ್ಗಿದೆ, ಏನೋ ಹೇಳಲು ಹೋಗಿ ತಡೆದುಕೊಂಡ ಹಾಗೆ. ಇಷ್ಟೂ ಆ ಫೋಟೊದಲ್ಲೇ ಇದ್ದವು. ಇವೆಲ್ಲದರ ಮೇಲೆ ನಾನು ಸುಣ್ಣ ಬಳಿದಿದ್ದೆ.

"ಇಂಥ ಮುಖ ಇಟ್ಕೊಂಡು ಬಿಳೇ ಬಣ್ಣ ಹುಡುಕ್ಯಾನ, ಗಾಂಡು," ಎಂದ ಖಾಜಾಮಿಯಾ, ಕುಂಚ ತೊಳೆಯುತ್ತ.

ಉಳಿದವರ ಮುಖಗಳನ್ನೂ ಹೀಗೇ ಬರೆದು, ಆ ಗೆರೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದೆ. ಗೆರೆಯನ್ನು ಮೇಲಿನ ಪದರದಲ್ಲಿಟ್ಟು ಕೆಳಗಿನ ಪದರದಲ್ಲಿ, ಹಿಂದೆ ಮುಖವನ್ನು ಹೆಂಟೆ ಮಾಡಿದ ಅದೇ ಗಾಢ ಬಣ್ಣವನ್ನು ಸುರಿದೆ. ಸುರಿದು ಕೈ ತೆಗೆದೆ.

ಮುಖ ಮುಳುಗಲಿಲ್ಲ. ಮೂಗು ನಿಂತಿತ್ತು, ಕಣ್ಣು ನಿಂತಿತ್ತು, ಹುಬ್ಬಿನ ಗಂಟು ನಿಂತಿತ್ತು. ಆ ಕಪ್ಪು ಬಣ್ಣ ಮಳೆ ಬಿದ್ದ ಎರೆ ಹೊಲದ ಹಾಗೆ ಹೊಳೆಯಿತು. ಗದ್ದದ ಕೆಳಗೆ ಇನ್ನೂ ಗಾಢವಾದ ಒಂದು ಛಾಯೆ, ಹಣೆಯ ಮೇಲೆ ಬಿಸಿಲಿನ ಒಂದು ತುಣುಕು, ಅಷ್ಟೇ ಹಾಕಿದೆ. ಮೊದಲಾಗಿದ್ದರೆ ಹತ್ತಾರು ಬಣ್ಣ ತಿಕ್ಕುತ್ತಿದ್ದೆ. ಈಗ ಬಣ್ಣಕ್ಕೆ ಮಾಡುವ ಕೆಲಸವೇ ಕಡಿಮೆ ಇತ್ತು, ಅದು ಸುಮ್ಮನೆ ತನ್ನ ಪಾಡಿಗೆ ಇರಬಹುದಿತ್ತು. ಪರದೆಯೊಳಗಿನಿಂದ ಅವ್ವ ನನ್ನನ್ನೇ ನೋಡುತ್ತಿದ್ದಳು. ನಾನು ಕುರ್ಚಿಯಿಂದ ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ.

ಅಯ್ಯಣ್ಣ ಬಂದು ನೋಡಿದ. ಬೆಳ್ಳಗೆ ಮಾಡು ಎನ್ನಲಿಲ್ಲ. ಚಹಾ ತರಿಸಿದ.

ಕಾಲುವೆಗೆ ನೀರು ಬಂದ ದಿನ ಗಾಡಿ ಅಂಗಡಿಯ ಮುಂದೆ ಬಂದು ನಿಂತಿತು. ಚಿತ್ರವನ್ನು ಹಿಂಬದಿಯ ಫಲಕಕ್ಕೆ ಅಂಟಿಸಿದೆ. ಹೆಂಗಸರು ಇಳಿದು ಹಿಂದೆ ಬಂದರು.

"ಈ ಮೂಗು ಬಸ್ಸಮ್ಮಂದ," ಎಂದಳು ಒಬ್ಬಳು.

"ನನ್ನ ಮೂಗು ಇಷ್ಟು ದೊಡ್ಡದಿಲ್ಲ," ಎಂದಳು ಬಸ್ಸಮ್ಮ.

"ಅಷ್ಟ ಅದ. ನಿನಗ ಕಾಣೂದಿಲ್ಲ, ನಮಗ ದಿನಾ ಕಾಣ್ತದ."

ನಾನು ನಮ್ಮವ್ವನನ್ನೇ ನೋಡುತ್ತಿದ್ದೆ. ಅವಳು ಯಾರನ್ನೂ ಕೇಳಲಿಲ್ಲ. ನೇರ ಹೋಗಿ ತನ್ನ ಮುಖದ ಮುಂದೆ ನಿಂತಳು.

"ನಾ ಇಷ್ಟು ಸಿಟ್ಟಿನಾಕಿ ಅದೀನೇನು?" ಎಂದಳು.

"ಮತ್ತ? ನಿನ್ನ ಮಗ ಯಾರಂಗ ಹುಟ್ಟ್ಯಾನ ಅನಕೊಂಡೀದಿ?" ಎಂದಳು ಹಣಮಂತಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಗುಲಾಬಿ ಹೂ ಬ್ಯಾಡ ಬಿಡು," ಎಂದಳು. ಎಲ್ಲರನ್ನೂ ಗಾಡಿ ಹತ್ತಿಸಿದಳು, ಹೊತ್ತಾಗಿತ್ತು.

ಗಾಡಿ ಕಾಲುವೆ ದಾರಿ ಹಿಡಿಯಿತು. ಧೂಳೆದ್ದಿತು. ಇನ್ನೇನು ಮುಖಗಳೆಲ್ಲ ಕಲಸಿಹೋಗುತ್ತವೆ ಎಂದು ಕಾಯುತ್ತ ನಿಂತೆ. ಕಲಸಲಿಲ್ಲ. ಅಂಗೈಯಷ್ಟಾದವು, ಬೆರಳ ತುದಿಯಷ್ಟಾದವು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಇವಳು ಬಸ್ಸಮ್ಮ, ಇವಳು ಹಣಮಂತಮ್ಮ, ಇವಳು ನಮ್ಮವ್ವ ಎಂದು ಬೇರೆ ಬೇರೆಯಾಗಿ ಕಾಣುತ್ತಲೇ ಇದ್ದರು.